ರಾಜನ ಜಾಗದಿಂದ ಕಂಡದ್ದು

ಡೌನರ್ಸ್ ಗ್ರೋವಿನ ಆ ಬ್ಯಾಲೆ ಶಾಲೆಯಲ್ಲಿ ನನ್ನ ಕೆಲಸ ಮುಖ್ಯವಾಗಿ ಜನರನ್ನು ಗದರುವುದಾಗಿತ್ತು. ಹೆಸರಿಗೆ ಫ್ರಂಟ್ ಡೆಸ್ಕ್. ಫೋನ್ ಎತ್ತಬೇಕು, ಹಾಜರಿ ಬರೆಯಬೇಕು, ಮಕ್ಕಳ ತುರುಬಿಗೆ ಪಿನ್ ಸಾಲದೆ ಹೋದರೆ ಡ್ರಾಯರಿನಿಂದ ತೆಗೆದು ಕೊಡಬೇಕು. ಆದರೆ ನವೆಂಬರಿನಿಂದ ಏಪ್ರಿಲ್‌ವರೆಗೆ ನಾನು ನಿಜವಾಗಿ ಮಾಡುತ್ತಿದ್ದದ್ದು ಒಂದೇ ಕೆಲಸ. ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಮೆತ್ತಿದ ಬೂಟು ಹಾಕಿಕೊಂಡು ನೃತ್ಯದ ನೆಲದ ಮೇಲೆ ಕಾಲಿಡಲು ಬರುವ ಅಪ್ಪ ಅಮ್ಮಂದಿರನ್ನು ಬಾಗಿಲಲ್ಲೇ ತಡೆಯುವುದು. ಒಂದು ಹರಳು ಉಪ್ಪು ಸಾಕು, ತಿರುಗುವ ಹುಡುಗಿಯ ಕಾಲು ಜಾರುವುದಕ್ಕೆ. ಮೈಸೂರಿನ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ, ಚಪ್ಪಲಿ ಹೊರಗೆ ಬಿಡಿ ಎಂದು ಹೇಳಲು ತರಬೇತಿ ಬೇಕೇ? ಮೂಗಿನ ತುದಿಯಲ್ಲೇ ಕೋಪ ಬೇರೆ. ಮೂರು ವರ್ಷದಲ್ಲಿ ನನ್ನ ಕಣ್ಣು ತಪ್ಪಿಸಿ ಒಬ್ಬರೂ ಆ ನೆಲದ ಮೇಲೆ ಬೂಟಿನಲ್ಲಿ ನಡೆದದ್ದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೊನೆಗೆ ನೆಲದ ವಿಷಯದಲ್ಲಿ ದೊಡ್ಡ ತಪ್ಪು ಮಾಡಿದವಳು ನಾನೇ.

ನನ್ನ ಮಗಳು ಏಳು ವರ್ಷದವಳಿದ್ದಾಗಿನಿಂದ ಅಲ್ಲಿ ಕಲಿಯುತ್ತಿದ್ದಳು. ಈಗ ಹದಿನೈದು. ಬೋಲಿಂಗ್‌ಬ್ರೂಕಿನ ನಮ್ಮ ಮನೆಯಿಂದ ಅವಳನ್ನು ಕರೆದುಕೊಂಡು ಹೋಗಿ ಎರಡು ಗಂಟೆ ಕಾರಿನಲ್ಲಿ ಕೂತು ಬೇಸತ್ತು, ಕೂರುವುದೇ ಆದರೆ ಒಳಗೆ ಬೆಚ್ಚಗೆ ಕೂರೋಣ ಎಂದು ಆ ಕೆಲಸಕ್ಕೆ ಸೇರಿದ್ದೆ.

ಶಾಲೆ ನಡೆಸುತ್ತಿದ್ದ ಟೀಚರಿಗೆ ಎಪ್ಪತ್ತಾರು ವರ್ಷ. ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು, ಐದು ವರ್ಷದ ಮಕ್ಕಳೂ ಕೂಡ. ನನ್ನ ಬಾಯಿಗೆ ಅದು ಬರಲೇ ಇಲ್ಲ, ಮೇಡಂ ಎಂದೇ ಕರೆದೆ. ಸಣಕಲು ದೇಹ, ನೆಟ್ಟಗಿನ ಬೆನ್ನು. ಕುರ್ಚಿಗೆ ಒರಗಿ ಕೂತದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಎರಡು ವರ್ಷದಿಂದ ಅವರ ಎರಡೂ ಕಣ್ಣಿನ ನಡುಭಾಗ ಹೋಗತೊಡಗಿತ್ತು. ಅಂಚಿನಲ್ಲಿ ಕಾಣುತ್ತದೆ, ನೇರವಾಗಿ ನೋಡಿದ್ದು ಕಾಣುವುದಿಲ್ಲ. "ನಿನ್ನ ಮುಖ ಇರಬೇಕಾದ ಜಾಗದಲ್ಲಿ ಒಂದು ಬೂದು ಮಚ್ಚೆ ಇದೆ, ನಿನ್ನ ಓಲೆ ಮಾತ್ರ ಎರಡು ಕಡೆ ಹೊಳೆಯುತ್ತದೆ," ಎಂದು ಒಮ್ಮೆ ಹೇಳಿದ್ದರು. ಅಂದಿನಿಂದ ನಾನು ಅಜ್ಜಿ ಕೊಟ್ಟ ಬಿಳಿ ಹರಳಿನ ಓಲೆಯನ್ನು ಬದಲಾಯಿಸಲೇ ಇಲ್ಲ.

ಕಳೆದ ವರ್ಷ ಫೆಬ್ರವರಿಯ ಒಂದು ಶನಿವಾರ ಮಧ್ಯಾಹ್ನ, ಮಕ್ಕಳೆಲ್ಲ ಹೋದ ಮೇಲೆ, ಅವರು ನನ್ನನ್ನು ಒಳಗೆ ಕರೆದು ಮೇಜಿನ ದೀಪದ ಕೆಳಗೆ ಒಂದು ಹಳೆಯ ಲಕೋಟೆ ಇಟ್ಟರು. ಜೂನ್‌ನಲ್ಲಿ ಶಾಲೆ ಮುಚ್ಚುತ್ತೇನೆ ಎಂದರು. ಅದು ನನಗೆ ಅರ್ಧ ಗೊತ್ತಿತ್ತು. ಗೊತ್ತಿಲ್ಲದ್ದು ಲಕೋಟೆಯ ವಿಷಯ. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಫ್ರಾನ್ಸಿಗೆ ಹೋಗಿ ಎರಡು ವರ್ಷ ಇದ್ದು, ಬ್ಯಾಲೆ ಮೊದಲು ಹೇಗಿತ್ತು ಎಂದು ಹುಡುಕಿ ಕಲಿತಿದ್ದರಂತೆ. ಆ ರೀತಿಯಲ್ಲಿ ಎಂಟು ಜನರ ಒಂದು ನೃತ್ಯ ಕಟ್ಟಿ ಹನ್ನೊಂದು ಹಾಳೆಯ ಮೇಲೆ ಬರೆದಿಟ್ಟುಕೊಂಡರು. ಊರಿಗೆ ಬಂದು ಶಾಲೆ ತೆರೆದರೆ ಎಲ್ಲರಿಗೂ ಬೇಕಾದದ್ದು ಗುಲಾಬಿ ಫ್ರಾಕು, ಕ್ರಿಸ್‌ಮಸ್ ಷೋ. ಐವತ್ತು ವರ್ಷ ಆ ಹಾಳೆಗಳು ಲಕೋಟೆಯಿಂದ ಹೊರಗೆ ಬರಲಿಲ್ಲ.

"ಈ ವಸಂತದಲ್ಲಿ ಆಗದಿದ್ದರೆ ಇನ್ನು ಆಗುವುದಿಲ್ಲ. ಅದನ್ನು ಒಂದು ಸಲ ನಡೆಯುವುದು ನೋಡಬೇಕು ನನಗೆ," ಎಂದರು. "ಆದರೆ ನಾನು ಬರೆದದ್ದನ್ನು ನಾನೇ ಓದಲಾರೆ. ಓದಿ ಹೇಳು."

ನಾನು ಹಾಳೆ ತೆಗೆದೆ. ಓದುವುದಕ್ಕೆ ಅಲ್ಲಿ ಅಕ್ಷರವೇ ಇರಲಿಲ್ಲ. ಮಾಸಿದ ಪೆನ್ಸಿಲಿನಲ್ಲಿ ಎಂಟು ಚುಕ್ಕಿ, ಅವುಗಳಿಂದ ಹೊರಟು ಬಳುಕುತ್ತಾ, ಒಂದನ್ನೊಂದು ದಾಟುತ್ತಾ, ಸುತ್ತಿ ಬಂದು ಸೇರುವ ಎಂಟು ಎಳೆ. ಎಳೆಗಳ ಮೇಲೆ ಅಲ್ಲಲ್ಲಿ ಅಡ್ಡ ಗೀಟು.

"ಪುಟವೇ ನೆಲ. ಎಳೆ ಎಂದರೆ ಕುಣಿಯುವವರು ನಡೆಯುವ ದಾರಿ. ಅಡ್ಡ ಗೀಟು ತಾಳ," ಎಂದರು ಮೇಡಂ. "ಪುಟದ ಮೇಲ್ತುದಿ ರಾಜ ಕೂತ ಜಾಗ. ಅಲ್ಲಿಂದ ನೋಡುವುದಕ್ಕಾಗಿ ಇಡೀ ನೃತ್ಯ."

ಯಾವ ರಾಜ, ಎಂದೆ. ಮುಂದಿನ ಒಂದೂವರೆ ಗಂಟೆ ನಾನು ಕುರ್ಚಿಯಿಂದ ಏಳಲಿಲ್ಲ.

ಬ್ಯಾಲೆ ಎಂದರೆ ನನ್ನ ಮಟ್ಟಿಗೆ ಬಿಳಿ ಬಟ್ಟೆ ಹಾಕಿಕೊಂಡು ತುದಿಗಾಲಲ್ಲಿ ನಿಲ್ಲುವ ಹೆಣ್ಣುಮಕ್ಕಳು. ಅದನ್ನು ಹೇಳಿದಾಗ ಅವರು ನಕ್ಕರು. ತುದಿಗಾಲು ಬಂದದ್ದು ಎಷ್ಟೋ ಆಮೇಲೆ. ಮೊದಲ ಇನ್ನೂರು ಮುನ್ನೂರು ವರ್ಷ ಯಾರೂ ಬೆರಳ ತುದಿಯ ಮೇಲೆ ನಿಂತಿರಲಿಲ್ಲ, ಎತ್ತರದ ಹಿಮ್ಮಡಿಯ ಷೂ ಹಾಕಿಕೊಂಡು ಕುಣಿಯುತ್ತಿದ್ದರು. ಶುರುವಾದದ್ದು ಇಟಲಿಯ ಅರಮನೆಗಳ ಊಟದ ಮನೆಯಲ್ಲಿ. ಒಂದು ಭಕ್ಷ್ಯ ಬಡಿಸಿ ಇನ್ನೊಂದು ಬರುವುದರೊಳಗೆ ವೇಷ ಹಾಕಿದವರು ಬಂದು ಕುಣಿದು ಹೋಗುತ್ತಿದ್ದರಂತೆ. ನಮ್ಮ ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಬರುವ ತನಕ ಅತ್ತೆಯರು ಒಬ್ಬೊಬ್ಬರಾಗಿ ಹಾಡು ಹೇಳುತ್ತಿದ್ದದ್ದು ನೆನಪಾಯಿತು ನನಗೆ. ಆಮೇಲೆ ಅಲ್ಲಿಯ ಒಬ್ಬ ಹುಡುಗಿ ಫ್ರಾನ್ಸಿನ ಅರಮನೆಗೆ ಸೊಸೆಯಾಗಿ ಹೋದಳು. ತವರಿನ ಉಪ್ಪಿನಕಾಯಿ ಜಾಡಿ ಹೊತ್ತುಕೊಂಡು ಹೋದ ಹಾಗೆ ತವರಿನ ಕುಣಿತವನ್ನೂ ಜೊತೆಗೆ ಕರೆದುಕೊಂಡು ಹೋದಳು.

ಅಲ್ಲಿ ಕುಣಿಯುತ್ತಿದ್ದವರು ಆಳುಕಾಳುಗಳಲ್ಲ, ದೊರೆಗಳೇ. ಒಬ್ಬ ರಾಜನಂತೂ ಹುಡುಗನಾಗಿದ್ದಾಗಿನಿಂದ ಕುಣಿದವನು, ಹದಿಹರೆಯದಲ್ಲಿ ಚಿನ್ನದ ಬಣ್ಣದ ಕಿರಣಗಳನ್ನು ತಲೆಗೆ ಕಟ್ಟಿಕೊಂಡು ಸೂರ್ಯನ ವೇಷದಲ್ಲಿ ಬಂದು ನಿಂತವನು. ಅವನ ನೃತ್ಯದ ಗುರು ಪಾದ ಇಡುವುದಕ್ಕೆ ಐದು ಸ್ಥಾನ ಗೊತ್ತುಮಾಡಿದ. ಮಾತು ಅಲ್ಲಿಗೆ ಬಂದಾಗ ನನಗೆ ಮೈ ಜುಮ್ಮೆಂದಿತು. ಆ ಐದು ಸ್ಥಾನ ನನಗೆ ಗೊತ್ತು. ನನ್ನ ಮಗಳು ದಿನಾ ಬೆಳಿಗ್ಗೆ ನಮ್ಮ ಅಡುಗೆಮನೆಯ ಕೌಂಟರ್ ಹಿಡಿದುಕೊಂಡು, ನಾನು ಅವಳ ಡಬ್ಬಿಗೆ ಚಿತ್ರಾನ್ನ ಕಲಸುತ್ತಿರುವಾಗ, ಒಂದಾದ ಮೇಲೊಂದು ಅದೇ ಐದರಲ್ಲಿ ನಿಲ್ಲುತ್ತಾಳೆ. ಯಾವ ಕಾಲದ ಯಾವ ರಾಜ, ಎಲ್ಲಿಯ ನಮ್ಮ ಅಡುಗೆಮನೆ. ಮಧ್ಯೆ ಒಬ್ಬರಿಂದ ಒಬ್ಬರಿಗೆ ಕಾಲು ತೋರಿಸಿಕೊಡುತ್ತಾ ಬಂದ ಎಷ್ಟು ಜನ ಇರಬೇಕು ಎಂದು ಲೆಕ್ಕ ಹಾಕಲು ಹೋಗಿ ಸುಮ್ಮನಾದೆ.

"ನೋಡುವವರು ಕೆಳಗೆ ಕೂರುತ್ತಿರಲಿಲ್ಲ," ಎಂದರು ಮೇಡಂ. "ಮೂರು ಕಡೆ ಎತ್ತರದ ಅಟ್ಟಣೆ. ಆದ್ದರಿಂದ ಕುಣಿಯುವವರು ನೆಲದ ಮೇಲೆ ವೃತ್ತ, ಚೌಕ, ನಕ್ಷತ್ರ ಬರೆಯುತ್ತಿದ್ದರು, ಮೈಯಿಂದಲೇ. ಒಂದು ಅಳಿಸಿ ಇನ್ನೊಂದು. ಮುಖ ಯಾರದೆಂದು ಬೇಕಿರಲಿಲ್ಲ, ಮುಖವಾಡ ಇತ್ತು. ಬೇಕಿದ್ದದ್ದು ಚಿತ್ರ."

ನಾನು ಹಾಳೆ ನೋಡಿದೆ. ಚುಕ್ಕಿ, ಚುಕ್ಕಿಯನ್ನು ಮುಟ್ಟದೆ ಸುತ್ತಿ ಬರುವ ಎಳೆ, ಎಲ್ಲಿಯೂ ತುಂಡಾಗದೆ ಹೊರಟಲ್ಲಿಗೇ ಬಂದು ಸೇರುವುದು.

"ಮೇಡಂ, ಇದು ರಂಗೋಲಿ," ಎಂದೆ.

ರಂಗೋಲಿ ಎಂದರೇನು ಎಂದು ವಿವರಿಸಿದೆ. ಹಳೆಯ ಪೋಸ್ಟರುಗಳ ಬೆನ್ನಿಗೆ ದಪ್ಪ ಕಪ್ಪು ಮಾರ್ಕರಿನಿಂದ ಹನ್ನೊಂದು ಹಾಳೆಯನ್ನೂ ದೊಡ್ಡದಾಗಿ ಬರೆದೆ. ಮಾಸಿ ಹೋದ ಕಡೆ ಎಳೆ ಎಲ್ಲಿಗೆ ಹೋಗಬೇಕೆಂದು ನನ್ನ ಕೈಗೇ ಗೊತ್ತಾಗುತ್ತಿತ್ತು. ಮೇಡಂ ಕಾಗೆಯ ಹಾಗೆ ತಲೆ ಓರೆ ಮಾಡಿ, ಕಣ್ಣಂಚಿನಿಂದ ಒಂದೊಂದನ್ನೇ ನೋಡಿದರು. ಆರನೆಯದಕ್ಕೆ ಬಂದಾಗ ಅವರ ಕೈ ಮೇಜಿನ ಮೇಲೆ ತಾಳ ಹಾಕತೊಡಗಿತು. ಅವರು ಅಳುತ್ತಿದ್ದರೋ, ಕಣ್ಣಿನ ತೊಂದರೆಯಿಂದ ನೀರು ಬರುತ್ತಿತ್ತೋ ನಾನು ಕೇಳಲಿಲ್ಲ.

ಮಾರ್ಚಿನಲ್ಲಿ ಎಂಟು ಹುಡುಗಿಯರನ್ನು ಆರಿಸಿದರು. ನನ್ನ ಮಗಳೂ ಒಬ್ಬಳು. ಷೋ ನಡೆಸಲು ರೈಲ್ವೆ ಹಳಿಯ ಪಕ್ಕದ ಒಂದು ಹಳೆಯ ಕಟ್ಟಡದ ಜಿಮ್ ಗೊತ್ತಾಯಿತು. ಕೆಳಗೆ ಮರದ ನೆಲ, ಮೇಲೆ ನಾಲ್ಕೂ ಗೋಡೆಯ ಸುತ್ತ ಜನ ಓಡಲು ಮಾಡಿದ ಟ್ರ್ಯಾಕ್, ಅದಕ್ಕೆ ಕಬ್ಬಿಣದ ಕಟಕಟೆ. ಪ್ರೇಕ್ಷಕರನ್ನೆಲ್ಲ ಆ ಟ್ರ್ಯಾಕಿನ ಮೇಲೆ ಕೂರಿಸಬೇಕೆಂದು ಮೇಡಂ ಹಟ ಹಿಡಿದರು.

ಹುಡುಗಿಯರಿಗೆ ಮಾತ್ರ ಅದು ಹತ್ತಲಿಲ್ಲ. ಹುಟ್ಟಿದಾಗಿನಿಂದ ಕನ್ನಡಿಗೆ ಎದುರಾಗಿ ಕುಣಿದವರು ಅವರು. ಇಲ್ಲಿ ಕನ್ನಡಿ ಇಲ್ಲ, ಎದುರು ಎಂಬುದೇ ಇಲ್ಲ. ಹೆಜ್ಜೆ ಸುಲಭ, ಆದರೆ ನಾಲ್ಕನೆಯ ಚಿತ್ರಕ್ಕೆ ಬರುವಷ್ಟರಲ್ಲಿ ಒಬ್ಬರಿಗೊಬ್ಬರು ಡಿಕ್ಕಿ. "ದೇರ್ ಈಸ್ ನೋ ಫ್ರಂಟ್, ಅಮ್ಮಾ," ಎಂದಳು ಮಗಳು ಕಾರಿನಲ್ಲಿ. ಒಂದು ದಿನ ಒಬ್ಬ ಹುಡುಗಿ, ಈ ನೆಲವೇ ಸರಿಯಿಲ್ಲ ಎಂದು ಗೊಣಗಿದಳು. ನಾನು ನನ್ನಷ್ಟಕ್ಕೆ, "ಕುಣೀಲಾರದವಳು ನೆಲ ಡೊಂಕು ಅಂದಳಂತೆ," ಎಂದೆ. ಮೇಡಂ ಅದರ ಅರ್ಥ ಕೇಳಿದರು. ಹೇಳಿದೆ. ಐವತ್ತು ವರ್ಷ ಪಾಠ ಮಾಡಿದವರಿಗೆ ಅದಕ್ಕಿಂತ ಒಳ್ಳೆಯ ಮಾತು ಬೇಕೇ, ಕಟಕಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಯಾರು ತಪ್ಪಿದರೂ, ನೆಲ ಡೊಂಕೇನು ಎಂದು ಕೇಳುವುದು ಅವರ ರೂಢಿಯಾಯಿತು.

ಏಪ್ರಿಲ್ ಕೊನೆಯ ಶನಿವಾರ ಸಂಜೆ ನಾಲ್ಕಕ್ಕೆ ಷೋ. ಬುಧವಾರದ ಅಭ್ಯಾಸ ಪೂರ್ತಿ ಕೆಟ್ಟುಹೋಯಿತು. ಮೇಡಂ ಏನೂ ಬೈಯಲಿಲ್ಲ, ಬರೀ ಕೋಟು ಹಾಕಿಕೊಂಡರು. ಆ ಸುಮ್ಮನಿರುವಿಕೆ ನನಗೆ ತಡೆಯಲಾಗಲಿಲ್ಲ. ಮನೆಗೆ ಬಂದು ಗ್ಯಾರೇಜಿನ ಷೆಲ್ಫಿನಿಂದ ಮೈಸೂರಿನಿಂದ ತಂದಿದ್ದ ಎರಡು ಕೆಜಿ ರಂಗೋಲಿ ಪುಡಿ ತೆಗೆದಿಟ್ಟೆ.

"ಏನಿದು?" ಎಂದರು ನನ್ನ ಗಂಡ.

"ನಾಳೆ ಬೆಳಿಗ್ಗೆ ಜಿಮ್ಮಿಗೆ ಹೋಗಿ ನೆಲದ ಮೇಲೆ ಬರೆದುಬಿಡ್ತೀನಿ. ಮಕ್ಕಳು ಎಳೆ ನೋಡ್ಕೊಂಡು ನಡೀಲಿ."

"ಒಂದ್ಮಾತು ಮೇಡಂನ ಕೇಳೇ."

"ಎಲ್ಲಾದಕ್ಕೂ ಕೇಳ್ತಾ ಕೂತರೆ ಆದಂಗೇ. ಸರ್‌ಪ್ರೈಸ್ ಆಗಿರ್ಲಿ."

"ನೀನುಂಟು, ನಿನ್ನ ಸರ್‌ಪ್ರೈಸ್ ಉಂಟು," ಎಂದು ಅವರು ಲ್ಯಾಪ್‌ಟಾಪಿಗೆ ವಾಪಸ್ಸು ಹೋದರು.

ಗುರುವಾರ ಬೆಳಿಗ್ಗೆ ಏಳಕ್ಕೆ ಕಟ್ಟಡದವನು ಬಾಗಿಲು ತೆಗೆದ. ಮೂರು ಗಂಟೆ ಸೊಂಟ ಬಗ್ಗಿಸಿ ಬರೆದೆ. ನನ್ನ ಜನ್ಮದಲ್ಲಿ ಅಷ್ಟು ದೊಡ್ಡ ರಂಗೋಲಿ ಬರೆದಿರಲಿಲ್ಲ. ನಾಲ್ಕನೆಯ ಚಿತ್ರ ಅದು, ಎಲ್ಲರೂ ಎಡವುತ್ತಿದ್ದದ್ದು. ಕೊನೆಯ ಎಳೆ ಬಂದು ಮೊದಲ ಚುಕ್ಕಿಯ ಪಕ್ಕ ಕೂಡಿದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಬಾಗಿಲ ಬಳಿ ನಿಂತು ಫೋಟೋ ತೆಗೆದು ಅಕ್ಕತಂಗಿಯರ ಗ್ರೂಪಿಗೆ ಹಾಕಿದೆ. ಅಕ್ಕ ಮೈಸೂರಿನಿಂದ, "ಅಮ್ಮ ಇದ್ದಿದ್ರೆ ನಿನಗೆ ದೃಷ್ಟಿ ತೆಗೀತಿದ್ರು," ಎಂದು ಬರೆದಳು.

ಸಂಜೆ ನಾಲ್ಕೂವರೆಗೆ ಹುಡುಗಿಯರು ಬಂದು ಬಾಯಿ ಬಿಟ್ಟುಕೊಂಡು ನೋಡಿದರು. ಹಿಮ್ಮಡಿಯ ಷೂ ಹಾಕಿಕೊಂಡು ಎಳೆಯ ಮೇಲೆ ನಡೆಯತೊಡಗಿದರು. ಮೊದಲ ಸುತ್ತು ಸರಿಯಾಯಿತು, ನಾನು ಹಿಗ್ಗಿಹೋದೆ. ಎರಡನೆಯ ಸುತ್ತಿಗೆ ಒಬ್ಬಳ ಷೂ ಸರ್ರನೆ ಜಾರಿತು, ಹೇಗೋ ನಿಂತಳು. ಆ ಸದ್ದು ಕೇಳಿ ಆಗ ತಾನೇ ಒಳಗೆ ಬಂದ ಮೇಡಂ, ನಿಲ್ಲಿಸಿ ನಿಲ್ಲಿಸಿ ಎನ್ನುತ್ತಾ ನೇರವಾಗಿ ನೆಲದ ಮೇಲೆ ನಡೆದರು. ತೆಳು ಬಣ್ಣದ ಮರ, ಅದರ ಮೇಲೆ ಬಿಳಿ ಪುಡಿ, ಅದೂ ಕಾಲಿನ ನೇರ ಮುಂದೆ. ಅವರಿಗೆ ಅದು ಕಾಣುವುದು ಸಾಧ್ಯವೇ ಇರಲಿಲ್ಲ. ಎಡಗೈ ಊರಿ ಬಿದ್ದರು. ಕೈ ಮುರಿದ ಸದ್ದು ನನಗೆ ಕೇಳಿಸಿತು.

ರಂಗೋಲಿ ಪುಡಿ ಎಂದರೆ ಕಲ್ಲಿನ ಪುಡಿ. ಮೂರು ವರ್ಷ ಒಂದು ಹರಳು ಉಪ್ಪಿಗೆ ಊರವರನ್ನೆಲ್ಲ ಬೈದವಳು, ಎರಡು ಕೆಜಿ ಕಲ್ಲಿನ ಪುಡಿಯನ್ನು ಕೈಯಾರೆ ನೆಲದ ಮೇಲೆ ಸುರಿದಿದ್ದೆ. ಅಂಗಳಕ್ಕೆ ಹಾಕುವ ರಂಗೋಲಿ ತುಳಿಯುವುದಕ್ಕಲ್ಲ, ದಾಟಿ ಹೋಗುವುದಕ್ಕೆ ಎಂಬುದು ನಮ್ಮೂರಿನ ಎರಡು ವರ್ಷದ ಕೂಸಿಗೂ ಗೊತ್ತು. ನನಗೆ ಹೊಳೆಯಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆಂಬ್ಯುಲೆನ್ಸ್ ಬಂದು ಹೋಯಿತು. ನಾನು ಮಂಡಿಯೂರಿ ಒದ್ದೆ ಬಟ್ಟೆಯಲ್ಲಿ ಆ ನೆಲವನ್ನು ಐದು ಸಲ ಒರೆಸಿದೆ. ಅಳು ಬಂದು ಕಣ್ಣು ಮಂಜಾಗಿ, ಒರೆಸಿದ ಕಡೆಯೇ ಮತ್ತೆ ಒರೆಸುತ್ತಿದ್ದೆ.

ಹೈವೇ ಎಕ್ಸಿಟ್ ಬಂದಾಗ ಕಾರಿನಲ್ಲಿ ಮಗಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ಯೂ ಯೆಲ್ ಅಟ್ ಎವ್ರಿಬಡಿ ಅಬೌಟ್ ಸಾಲ್ಟ್," ಎಂದಳು. 

ಮೇಡಂ ಅವರ ತಂಗಿ ಡೆಟ್ರಾಯಿಟ್ ಕಡೆಯಿಂದ ಐದು ಗಂಟೆ ಡ್ರೈವ್ ಮಾಡಿಕೊಂಡು ಅಂದೇ ಬಂದರು. ಷೋ ಇಲ್ಲ, ಎಲ್ಲರಿಗೂ ತಿಳಿಸಿಬಿಡು ಎಂದು ಶುಕ್ರವಾರ ಬೆಳಿಗ್ಗೆ ನನಗೆ ಫೋನ್ ಮಾಡಿದರು. ಐವತ್ತು ವರ್ಷ ಲಕೋಟೆಯಲ್ಲಿ ಕಾದದ್ದು ನನ್ನ ಒಂದು ಬೆಳಗಿನ ಜಾಣತನದಿಂದ ಮತ್ತೆ ಲಕೋಟೆಗೆ ಹೋಯಿತಲ್ಲ ಎಂದು ನನ್ನನ್ನು ನಾನೇ ಶಪಿಸಿಕೊಂಡೆ. ಇ-ಮೇಲ್ ಬರೆಯಲು ಕೂತೆ, ಬರೆಯಲಾಗಲಿಲ್ಲ. ತಿಳಿಸಾರು ಅನ್ನ ಮಾಡಿ ಡಬ್ಬಿಗೆ ತುಂಬಿಕೊಂಡು ಮೇಡಂ ಮನೆಗೆ ಹೋದೆ.

ಮೇಡಂ ಸೋಫಾದ ಅಂಚಿನಲ್ಲಿ, ಎಂದಿನಂತೆ ಒರಗದೆ, ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದರು. ನಾನು ಬಾಗಿಲಲ್ಲೇ ನಿಂತು ತಪ್ಪಾಯಿತು ಎಂದೆ. ಎರಡನೇ ಸಲ ಹೇಳುವಷ್ಟರಲ್ಲಿ ಅತ್ತುಬಿಟ್ಟೆ.

"ನಿನ್ನ ಗಾದೆ ಹೇಳು," ಎಂದರು.

ಯಾವುದು ಎಂದೆ.

"ನೆಲ ಡೊಂಕು ಎನ್ನುವುದು. ಈ ಸಲ ನೆಲ ನಿಜಕ್ಕೂ ಡೊಂಕಿತ್ತು."

ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು. ಅವರೂ ನಕ್ಕರು, ನಕ್ಕು ಕೈ ನೋವಾಗಿ ಮುಖ ಹಿಂಡಿದರು. ತಂಗಿ ಒಳಗಿನಿಂದ ಬಂದು ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿ ಹೋದರು. ಆಮೇಲೆ ಮೇಡಂ ಕೇಳಿದರು, "ಮೇಲಿನಿಂದ ಹೇಗಿತ್ತು?"

"ಏನು?"

"ನೀನು ಬರೆದ ಚಿತ್ರ. ಟ್ರ್ಯಾಕಿನ ಮೇಲಿನಿಂದ, ರಾಜನ ಜಾಗದಿಂದ."

ನಾನು ಮೇಲೆ ಹತ್ತಿಯೇ ಇರಲಿಲ್ಲ. ಬಾಗಿಲಿನಿಂದ ಫೋಟೋ ತೆಗೆದು ಸಂಭ್ರಮಪಟ್ಟಿದ್ದೆ, ಅಷ್ಟೇ. ಅದನ್ನು ಹೇಳಿದಾಗ ಅವರಿಗೆ ನಿಜವಾಗಿ ಸಿಟ್ಟು ಬಂತು. ಬಿದ್ದದ್ದಕ್ಕೆ ಬಾರದ ಸಿಟ್ಟು. ಮೂರು ಗಂಟೆ ಬರೆದು, ಇಪ್ಪತ್ತು ಮೆಟ್ಟಿಲು ಹತ್ತಿ ನೋಡಲಿಲ್ಲವೇ, ಎಂತಹ ಹೆಂಗಸು ನೀನು, ಎಂದು ಬೈದರು. ನನ್ನನ್ನು ಬೈದವರ ಮುಂದೆ ನಾನು ತಲೆ ತಗ್ಗಿಸಿ ನಿಂತದ್ದು ಬಹುಶಃ ಮದುವೆಯಾದ ಮೇಲೆ ಅದೇ ಮೊದಲು.

ಸ್ವಲ್ಪ ಹೊತ್ತಾದ ಮೇಲೆ ಅವರ ದನಿ ಇಳಿಯಿತು. "ಅರಮನೆಯ ನೆಲದ ಮೇಲೆ ಯಾರೂ ಬರೆದಿರಲಿಲ್ಲ. ನೆಲ ಖಾಲಿ. ಚಿತ್ರ ಕುಣಿಯುವವರ ತಲೆಯಲ್ಲಿತ್ತು. ಇವರ ತಲೆಯಲ್ಲಿ ಇಲ್ಲ, ಅದೇ ತೊಂದರೆ. ನಿನ್ನ ತಲೆಯಲ್ಲಿ ಹೇಗೆ ಇದೆ?"

"ಚಿಕ್ಕವಳಿದ್ದಾಗ ಅಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಬರೆಸುತ್ತಿದ್ದರು. ಬರೆ, ಅಳಿಸು, ಬರೆ. ಅರ್ಧ ಬರೆಯುವ ಹಾಗಿಲ್ಲ, ಎಳೆ ಕೂಡುವ ತನಕ ಏಳುವ ಹಾಗಿಲ್ಲ."

"ಹಾಗಾದರೆ ಬರೆಸು," ಎಂದರು. ಒಳಗಿದ್ದ ತಂಗಿಗೆ ಕೇಳುವಷ್ಟು ಜೋರಾಗಿ, "ಷೋ ಇದೆ," ಎಂದೂ ಹೇಳಿದರು. ತಂಗಿ ಒಳಗೆ ಯಾವುದೋ ಪಾತ್ರೆಯನ್ನು ಕುಕ್ಕಿದ ಸದ್ದಾಯಿತು.

ಶುಕ್ರವಾರ ಮಧ್ಯಾಹ್ನ, ನಲವತ್ತೆಂಟು ಡಿಗ್ರಿ ಫ್ಯಾರನ್‌ಹೀಟಿನ ಚಳಿಯಲ್ಲಿ, ಶಾಲೆಯ ಹಿಂದಿನ ಪಾರ್ಕಿಂಗ್ ಲಾಟಿನಲ್ಲಿ ಎಂಟು ಹುಡುಗಿಯರು ಉಬ್ಬಿದ ಜಾಕೆಟ್ ಹಾಕಿಕೊಂಡು ಕುಕ್ಕರುಗಾಲಲ್ಲಿ ಕೂತರು. ಕೈಗೆ ಮಕ್ಕಳ ಬಣ್ಣದ ಚಾಕ್ ಕೊಟ್ಟೆ. ನೀವು ನಡೆಯುವ ದಾರಿ ಮಾತ್ರ ಬರೆದರೆ ಸಾಲದು, ಎಂಟೂ ದಾರಿ ಬರೆಯಬೇಕು ಎಂದೆ. ಮೊದಮೊದಲು ಕೋಳಿ ಕೆದರಿದ ಹಾಗೆ ಬಂತು. ನೀರು ಸುರಿದು ಅಳಿಸಿದೆ, ಮತ್ತೆ ಬರೆಸಿದೆ. ಮೂರನೆಯ ಸಲಕ್ಕೆ, ನೆಲ ಸರಿಯಿಲ್ಲ ಎಂದು ಗೊಣಗಿದ್ದ ಅದೇ ಹುಡುಗಿ ಚಾಕ್ ಹಿಡಿದ ಕೈ ನಿಲ್ಲಿಸಿ, "ಓ, ನಾನು ಇವಳ ಸುತ್ತಿನ ಒಳಗಿದ್ದೀನಿ," ಎಂದಳು ಇಂಗ್ಲಿಷಿನಲ್ಲಿ, ಯಾರಿಗೂ ಅಲ್ಲ, ತನಗೇ. ಅವಳ ಮುಖ ನೋಡಿ ನನಗೆ ರೋಮಾಂಚನವಾಯಿತು. ಅಮ್ಮನ ಪಕ್ಕದಲ್ಲಿ ಕೂತು ಮೊದಲ ಸಲ ಎಳೆ ಕೂಡಿಸಿದ ದಿನ ನನ್ನ ಮುಖವೂ ಹಾಗೇ ಇದ್ದಿರಬೇಕು.

ಮಗಳು ಎಲ್ಲರಿಗಿಂತ ನಿಧಾನ. ಮಧ್ಯೆ ಮಧ್ಯೆ ಕೈ ಎತ್ತಿ ಯೋಚಿಸುತ್ತಾಳೆ.

"ಕೈ ಎತ್ತಬೇಡ ಕಣೇ. ಎತ್ತಿದ್ರೆ ಎಳೆ ತುಂಡಾಗತ್ತೆ."

"ಓಕೆ, ಓಕೆ."

"ಓಕೆ ಅಲ್ಲ, ಬರಿ."

ಬರೆದಳು. ಕೊನೆಯ ಎಳೆ ಕೂಡಿಸಿ, ಕೈಯ ಚಾಕ್ ಪುಡಿಯನ್ನು ನನ್ನ ಕೋಟಿಗೆ ಒರೆಸಿದಳು. ಗುರುವಾರದಿಂದ ನನ್ನನ್ನು ಮುಟ್ಟಿರಲಿಲ್ಲ. ಶನಿವಾರ ಬೆಳಿಗ್ಗೆಯೂ ಬರೆಸಿದೆ. ಆಮೇಲೆ ಜಿಮ್ಮಿನ ಖಾಲಿ ನೆಲದ ಮೇಲೆ ಒಂದೇ ಒಂದು ಸಲ ನಡೆದು ನೋಡಿದರು, ಯಾರೂ ಡಿಕ್ಕಿ ಹೊಡೆಯಲಿಲ್ಲ. ನಾನು ಬಾಗಿಲಲ್ಲಿ ನಿಂತು ಎಂಟು ಜನರ ಷೂ ತಳವನ್ನು ಒಬ್ಬೊಬ್ಬರದಾಗಿ ಎತ್ತಿಸಿ ಒರೆಸಿದೆ.

ನಾಲ್ಕು ಗಂಟೆಗೆ ಟ್ರ್ಯಾಕಿನ ಮೇಲೆ ಮಡಿಸುವ ಕುರ್ಚಿಗಳಲ್ಲಿ ಜನ ತುಂಬಿದರು. ಗೊಣಗಾಟ ಬೇಕಾದಷ್ಟಿತ್ತು. ನಮ್ಮ ಬಡಾವಣೆಯ ಒಬ್ಬ ಅಂಕಲ್ ಹೆಂಡತಿಯ ಜೊತೆ ಬಂದಿದ್ದರು. "ಮುಖಾನೇ ಕಾಣಲ್ವಲ್ಲಮ್ಮ, ವಿಡಿಯೋ ಹೆಂಗ್ ತಗೊಳ್ಳೋದು?" ಎಂದರು. ಸುಮ್ನೆ ನೋಡಿ ಅಂಕಲ್ ಎಂದೆ. ಪುಟದ ಮೇಲ್ತುದಿ ಎಲ್ಲಿ ಬರುತ್ತದೋ ಅಲ್ಲಿ, ಜಿಮ್ಮಿನ ಅಗಲ ಕಡಿಮೆಯಿರುವ ಬದಿಯ ನಟ್ಟನಡುವೆ, ಮೇಡಂಗೆ ಕುರ್ಚಿ ಹಾಕಿದ್ದೆ. ಅವರ ಒಂದು ಪಕ್ಕ ತಂಗಿ, ಇನ್ನೊಂದು ಪಕ್ಕ ನಾನು.

ಸ್ಪೀಕರಿನಿಂದ ಡೋಲು, ಪಿಟೀಲು ಶುರುವಾಯಿತು. ಎಂಟು ಜನ ನಾಲ್ಕು ಮೂಲೆಯಿಂದ ಬಂದರು. ಚಿನ್ನದ ಬಣ್ಣದ ರಟ್ಟಿನ ಮುಖವಾಡ, ಬಿರುಸು ಲಂಗ, ಹಿಮ್ಮಡಿಯ ಷೂ. ಹಾರುವುದಿಲ್ಲ, ಗಿರಗಿರ ತಿರುಗುವುದಿಲ್ಲ. ಬರೀ ನಡಿಗೆ, ಸಣ್ಣ ನೆಗೆತ, ಬಾಗುವುದು, ಮತ್ತೆ ನಡಿಗೆ. ಕೆಳಗಿನಿಂದ ನೋಡಿದ್ದರೆ ಏನೂ ಇಲ್ಲ ಅನ್ನಿಸುತ್ತಿತ್ತು. ಮೇಲಿನಿಂದ ಕಂಡದ್ದೇ ಬೇರೆ. ಖಾಲಿ ನೆಲದ ಮೇಲೆ ಒಂದು ಚೌಕ ಮೂಡಿ, ಚೌಕ ಬಿಚ್ಚಿಕೊಂಡು ನಕ್ಷತ್ರವಾಗಿ, ನಕ್ಷತ್ರದ ಒಳಗಿನಿಂದ ಇನ್ನೊಂದು ನಕ್ಷತ್ರ ಬಂತು. ಬರೆಯುವ ಕೈ ಇಲ್ಲ, ಪುಡಿ ಇಲ್ಲ, ಎಳೆ ತಾನೇ ತಾನಾಗಿ ನಡೆಯುತ್ತಿದೆ. ನಾನು ಬದುಕಿನುದ್ದಕ್ಕೂ ಬರೆದ ರಂಗೋಲಿಗಳೆಲ್ಲ ನಿಂತಲ್ಲೇ ನಿಂತಿದ್ದವು. ಇದು ಉಸಿರಾಡುತ್ತಿತ್ತು. ನೂರಾರು ವರ್ಷದ ಹಿಂದೆ ಯಾರೋ ಒಬ್ಬ ರಾಜ ಇದನ್ನೇ ನೋಡುತ್ತಾ ಕೂತಿದ್ದ, ಈಗ ನಾನು ನೋಡುತ್ತಿದ್ದೇನೆ ಎನ್ನುವುದನ್ನು ನಂಬಲು ಆಗಲಿಲ್ಲ. ವಿಡಿಯೋ ಅಂಕಲ್ ಕಡೆ ನೋಡಿದೆ. ಫೋನ್ ತೊಡೆಯ ಮೇಲಿತ್ತು, ಬಾಯಿ ತೆರೆದಿತ್ತು.

ಮೇಡಂ ಕಡೆ ತಿರುಗಲು ನನಗೆ ಧೈರ್ಯ ಬರಲಿಲ್ಲ. ಒಂದು ಸಲ ನಡೆಯುವುದು ನೋಡಬೇಕು ಎಂದಿದ್ದರು. ಅಷ್ಟು ಕೆಳಗೆ, ಅಷ್ಟು ದೂರ. ಎದುರಿಗೆ ಕೂತ ನನ್ನ ಮುಖವೇ ಕಾಣದವರಿಗೆ ಏನು ಕಂಡೀತು? ಕೇಳಿದರೆ ವಿವರಿಸಿ ಹೇಳೋಣ ಎಂದು ಪದಗಳನ್ನು ಜೋಡಿಸಿಕೊಳ್ಳುತ್ತಿದ್ದೆ. 

ನಾಲ್ಕನೆಯ ಚಿತ್ರ ಶುರುವಾಯಿತು, ನಾನು ನೆಲದ ಮೇಲೆ ಬರೆದಿದ್ದದ್ದು. ಎಂಟು ಎಳೆ ಹೊರಟವು, ದಾಟಿದವು, ಸುತ್ತಿದವು. ಆಗ ಪಕ್ಕದಿಂದ, ಪಾಠದ ದಿನಗಳಲ್ಲಿ ನಾನು ಸಾವಿರ ಸಲ ಕೇಳಿದ್ದ ಅದೇ ಖಡಕ್ ದನಿ ಬಂತು.

"ಎಡ ಮೂಲೆಯವಳು ಅರ್ಧ ಹೆಜ್ಜೆ ತಡ."

ತಿರುಗಿ ನೋಡಿದೆ. ಮೇಡಂ ತಲೆ ಓರೆ ಮಾಡಿ, ಕಣ್ಣನ್ನು ಎತ್ತಲೋ ಚಾವಣಿಯ ಕಡೆ ಇಟ್ಟು, ಅಂಚಿನಿಂದ ಇಡೀ ನೆಲವನ್ನು ಒಟ್ಟಿಗೇ ನೋಡುತ್ತಿದ್ದರು. ಪ್ಲಾಸ್ಟರಿನ ಕೈ ಮಡಿಲಲ್ಲಿತ್ತು, ಬಲಗೈಯ ಬೆರಳು ಕಟಕಟೆಯ ಮೇಲೆ ತಾಳ ಹಾಕುತ್ತಿತ್ತು. ಮುಖ ಬೇಕಿರಲಿಲ್ಲ ಎಂದು ಅವರೇ ಹೇಳಿದ್ದರಲ್ಲ, ಬೇಕಿದ್ದದ್ದು ಚಿತ್ರ.

ಎಡ ಮೂಲೆಯವಳು ನನ್ನ ಮಗಳು. ಅವಳು ನಿಜವಾಗಿಯೂ ತಡವಾಗಿದ್ದಳು, ನನಗೆ ಗೊತ್ತೇ ಆಗಿರಲಿಲ್ಲ. ನನ್ನ ಮಗಳ ಬಗ್ಗೆ ಬೇರೆಯವರು ಒಂದು ಮಾತು ಆಡಿದರೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ಅಂದು ಮಾತ್ರ, "ಹೌದು ಮೇಡಂ, ತಡ," ಎಂದೆ. ಹೇಳುವಾಗ ನನ್ನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಅವರು ತಲೆಯನ್ನು ಇನ್ನೊಂದಿಷ್ಟು ಓರೆ ಮಾಡಿದರು. ಕೆಳಗೆ ಮಗಳು ಒಂದು ಹೆಜ್ಜೆ ಉದ್ದ ಇಟ್ಟಳು, ಎಳೆ ಕೂಡಿತು.

"ಈಗ ಸರಿಯಾಯಿತು," ಎಂದರು ಮೇಡಂ.